ಬಿಸಿಲಿಗೆ ಪಾಲಿಯೆಸ್ಟರ್ ಯಾಕೆ ಪುಡಿಯಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಊರು ಸಕಲೇಶಪುರದ ಕಡೆ, ಅಲ್ಲಿ ಸ್ವಲ್ಪ ಕಾಫಿ, ಮೆಣಸು ಇದೆ. ಹಾಗಾಗಿ ಹಗ್ಗ, ಶೀಟು, ಟಾರ್ಪಾಲಿನ ಪ್ರಶ್ನೆಗಳು ಕ್ಲಾಸಿನಲ್ಲೂ ಬರುತ್ತವೆ, ಕಣದಲ್ಲೂ ಬರುತ್ತವೆ, ನೆಂಟರ ಮದುವೆ ಊಟದ ಪಂಕ್ತಿಯಲ್ಲೂ ಬರುತ್ತವೆ. ಹೆಚ್ಚಾಗಿ ಕೇಳಿದವನ್ನು ಕೇಳಿದವರ ಮಾತಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದವು ಮೊದಲು, ಕೆಮಿಸ್ಟ್ರಿ ಬೇಕೆನ್ನುವವರಿಗೆ ಕೊನೆಯಲ್ಲಿ.

## ಮೊದಲು ತಿಳಿಯಬೇಕಾದದ್ದು

"ಪಾಲಿಯೆಸ್ಟರ್ ಅಂದ್ರೆ ಸೀರೆ, ಶರ್ಟು ಅಲ್ವಾ? ಅದು ಪ್ಲಾಸ್ಟಿಕ್ ಹೇಗಾಯಿತು?"

ಸೀರೆಯ ನೂಲೂ ನೀರಿನ ಬಾಟಲಿಯೂ ಒಂದೇ ವಸ್ತು. ಅದರ ಹೆಸರು ಪಾಲಿಎಥಿಲೀನ್ ಟೆರೆಫ್ತಾಲೇಟ್, ಚಿಕ್ಕದಾಗಿ ಪೆಟ್. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಇದನ್ನು 1941ರಲ್ಲಿ ಮಾಡಿದರು. ಟೆರಿಲೀನ್ ಅಂತ ನಮ್ಮ ಅಜ್ಜಂದಿರ ಕಾಲದಲ್ಲಿ ಹೇಳುತ್ತಿದ್ದುದು ಇದೇ. ಎಳೆ ಎಳೆಯಾಗಿ ಎಳೆದರೆ ನೂಲು, ಊದಿದರೆ ಬಾಟಲಿ, ಹಾಳೆಯಾಗಿ ಹಿಗ್ಗಿಸಿದರೆ ಫಿಲ್ಮ್.

ಪಾಲಿಯೆಸ್ಟರ್ ಒಂದು ಕುಟುಂಬದ ಹೆಸರು. ಪ್ಲಾಸ್ಟಿಕ್ಕಿನ ಅಣು ಒಂದು ಉದ್ದ ಸರಪಳಿಯ ಹಾಗೆ ಇರುತ್ತದೆ. ಆ ಸರಪಳಿಯ ಕೊಂಡಿಗಳೆಲ್ಲ ಎಸ್ಟರ್ ಎಂಬ ಬಗೆಯವಾಗಿದ್ದರೆ ಅದು ಪಾಲಿಯೆಸ್ಟರ್. ಕಾಫಿ ಒಣಗಿಸುವ ಶೆಡ್ಡಿನ ಫೈಬರ್ ಶೀಟು, ಬಣ್ಣದ ತಗಡಿನ ಮೇಲಿನ ಪೇಂಟು, ಪಾಲಿಕಾರ್ಬೊನೇಟ್ ಶೀಟು, ಕೆಲವು "ಮಣ್ಣಲ್ಲಿ ಕರಗುವ" ಚೀಲಗಳು, ಇವೆಲ್ಲ ಒಂದಲ್ಲ ಒಂದು ರೀತಿ ಇದೇ ಮನೆತನದವು.

"ಬಿಸಿಲಿನ ಕಾವಿಗೆ ತಾನೇ ಹಾಳಾಗೋದು?"

ಕಾವಿಗಲ್ಲ, ಬೆಳಕಿಗೆ. ಇದೊಂದು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ.

ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ ಇಟ್ಟ ಹಗ್ಗವನ್ನು ನೋಡಿ. ಏಪ್ರಿಲ್‌ನಲ್ಲಿ ಅಲ್ಲಿ ಕೈ ಇಡಲಾಗದಷ್ಟು ಧಗೆ. ಆದರೂ ಹಗ್ಗ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಅದೇ ಹಗ್ಗವನ್ನು ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿ, ಗಾಳಿ ತಂಪಾಗಿದ್ದರೂ ಸರಿ, ಮೈ ಬೆಳ್ಳಗಾಗಿ ಕೈಗೆ ಚುಚ್ಚಲು ಶುರುವಾಗುತ್ತದೆ. ಕೆಲಸ ಮಾಡಿದ್ದು ಬಿಸಿಲಿನ ಅತಿನೇರಳೆ ಭಾಗ. ಕಾವು ಆ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೇ.

"ಕಣ್ಣಿಗೆ ಕಾಣದ ಬೆಳಕು ಅಷ್ಟು ಗಟ್ಟಿ ವಸ್ತುವನ್ನು ಹೇಗೆ ಮುರಿಯುತ್ತೆ?"

ಬೆಳಕು ಸಣ್ಣ ಸಣ್ಣ ಪೆಟ್ಟುಗಳಾಗಿ ಬೀಳುತ್ತದೆ. ಅಲೆ ಚಿಕ್ಕದಾದಷ್ಟೂ ಪೆಟ್ಟು ದೊಡ್ಡದು. ಅಲೆಯ ಉದ್ದವನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. 550 ನ್ಯಾನೋಮೀಟರಿನ ಹಸಿರು ಬೆಳಕಿನ ಪೆಟ್ಟು ಮೋಲ್ ಲೆಕ್ಕದಲ್ಲಿ (ಅಣು, ಪೆಟ್ಟುಗಳನ್ನು ಕಟ್ಟುಕಟ್ಟಾಗಿ ಎಣಿಸುವ ಲೆಕ್ಕ) ಸುಮಾರು 220 ಕಿಲೋಜೂಲ್. 300 ನ್ಯಾನೋಮೀಟರಿನ ಅತಿನೇರಳೆಯದು ಸುಮಾರು 400. ಕಾರ್ಬನ್-ಕಾರ್ಬನ್ ಒಂಟಿ ಬಂಧ ಬಿಡಿಸಲು ಬೇಕಾದದ್ದು ಸುಮಾರು 350. ಹಸಿರು ಬೆಳಕು ದಿನವಿಡೀ ಬಿದ್ದರೂ ಆ ಬಂಧ ಅಲ್ಲಾಡುವುದಿಲ್ಲ. ಅತಿನೇರಳೆಯ ಒಂದೇ ಪೆಟ್ಟು ಸಾಕು.

ಆದರೆ ಪೆಟ್ಟು ತಗುಲಬೇಕಾದರೆ ವಸ್ತು ಆ ಬೆಳಕನ್ನು ಹೀರಬೇಕು. ಪೆಟ್‌ನ ಸರಪಳಿಯಲ್ಲಿ ಬೆಂಜೀನ್ ಉಂಗುರಗಳಿವೆ. ಅವು ಸುಮಾರು 315 ನ್ಯಾನೋಮೀಟರಿಗಿಂತ ಚಿಕ್ಕ ಅಲೆಯನ್ನು ಜೋರಾಗಿ ಹೀರುತ್ತವೆ. ಓಜೋನ್ ಪದರ ದಾಟಿ ನೆಲಕ್ಕೆ ಬರುವ ಬಿಸಿಲು ಶುರುವಾಗುವುದು ಸುಮಾರು 295ರಿಂದ. ಹಾಗಾಗಿ 295ರಿಂದ 315ರವರೆಗಿನ ಕಿರಿದಾದ ಒಂದು ಪಟ್ಟಿಯೇ ಪೆಟ್‌ಗೆ ಮುಖ್ಯ ಶತ್ರು. ಇಡೀ ಬಿಸಿಲಿನಲ್ಲಿ ಅದರ ಪಾಲು ಬಹಳ ಸಣ್ಣದು.

"ನಮ್ಮ ಕಡೆ ಅರ್ಧ ವರ್ಷ ಮೋಡ, ಮಳೆ. ಇಲ್ಲಿ ಅಷ್ಟು ತೊಂದರೆ ಇಲ್ಲ ಅಲ್ವಾ?"

ಇದೆ. ಹಾಸನ, ಚಿಕ್ಕಮಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರದಲ್ಲಿವೆ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ. ಆಗಸ್ಟ್‌ನಲ್ಲಿ ದಟ್ಟ ಮೋಡ ಕಾಯುತ್ತದೆ. ಏಪ್ರಿಲ್‌ನಲ್ಲಿ ಕಾಯುವವರಿಲ್ಲ. ಹೂಮಳೆ ಬಂದು ಗಾಳಿಯ ಧೂಳೆಲ್ಲ ತೊಳೆದ ಮಾರನೆಯ ದಿನದ ಬಿಸಿಲು ಇನ್ನೂ ಚುರುಕು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಾವಿರ ಮೀಟರ್ ಮೇಲೆ ಹೋದರೆ ಅತಿನೇರಳೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿಗಿಂತ ಮೇಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಮೈ ನಡುಗುವ ಚಳಿಯಲ್ಲೂ ಮುಖ ಸುಡುವುದು ಇದಕ್ಕೇ. ಇನ್ನು ತೆಳು ಮೋಡವನ್ನು ನಂಬಬೇಡಿ, ಶೇ 80ರವರೆಗೂ ಅತಿನೇರಳೆಯನ್ನು ಅದು ಒಳಗೆ ಬಿಡಬಲ್ಲದು.

"ನಂದು ಪಾಲಿಯೆಸ್ಟರ್ ಟಾರ್ಪಾಲಾ ಅಲ್ವಾ ಅಂತ ತಿಳಿಯೋದು ಹೇಗೆ?"

ಒಂದು ಚೂರು ಕತ್ತರಿಸಿ, ಸೋಪಿನ ನೀರಲ್ಲಿ ಉಜ್ಜಿ ಗಾಳಿಗುಳ್ಳೆ ಬಿಡಿಸಿ, ಬಕೆಟ್ ನೀರಿಗೆ ಹಾಕಿ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ಪೆಟ್‌ನ ಸಾಂದ್ರತೆ ಸುಮಾರು 1.38, ಮುಳುಗುತ್ತದೆ. ನೈಲಾನ್, ಪಿವಿಸಿ ಕೂಡ ಮುಳುಗುತ್ತವೆ, ಆದ್ದರಿಂದ ಮುಳುಗಿದ್ದೆಲ್ಲ ಪಾಲಿಯೆಸ್ಟರ್ ಅಂತಲ್ಲ. ತೇಲಿದ್ದು ಮಾತ್ರ ಖಂಡಿತ ಅಲ್ಲ. ಸುಟ್ಟು ನೋಡಲು ಹೋಗಬೇಡಿ, ಪಿವಿಸಿ ಆಗಿದ್ದರೆ ಹೊಗೆ ಗಂಟಲು ಸುಡುತ್ತದೆ.

ಪೇಟೆಯಲ್ಲಿ ಸಿಗುವ ನೀಲಿ, ಹಳದಿ ಟಾರ್ಪಾಲುಗಳಲ್ಲಿ ಹೆಚ್ಚಿನವು ಪಾಲಿಥೀನ್. ನರ್ಸರಿಯ ಹಸಿರು ಶೇಡ್ ನೆಟ್ಟೂ ಅದೇ. ಗೊಬ್ಬರದ ಚೀಲ ಪಾಲಿಪ್ರೊಪಿಲೀನ್. ಪಾಲಿಯೆಸ್ಟರ್ ಸಿಗುವುದು ಲಾರಿಯ ಭಾರದ ಹೊದಿಕೆಯಲ್ಲಿ, ಬ್ಯಾನರಿನ ಫ್ಲೆಕ್ಸಿನಲ್ಲಿ. ಅವುಗಳಲ್ಲಿ ಒಳಗೆ ಪಾಲಿಯೆಸ್ಟರ್ ನೇಯ್ಗೆ, ಮೇಲೆ ಪಿವಿಸಿ ಲೇಪ.

"ಹಾಗಾದ್ರೆ ಬಿಸಿಲಿಗೆ ಯಾವುದು ಗಟ್ಟಿ?"

ರಕ್ಷಕ ಸೇರಿಸದೆ ಹಾಗೇ ಹೋಲಿಸಿದರೆ ಪಾಲಿಪ್ರೊಪಿಲೀನ್ ಎಲ್ಲಕ್ಕಿಂತ ಸೋಲು. ಗೊಬ್ಬರದ ಚೀಲ ಒಂದು ಬೇಸಿಗೆ ಅಂಗಳದಲ್ಲಿ ಬಿದ್ದರೆ ಎತ್ತುವಾಗ ಹಪ್ಪಳದ ಹಾಗೆ ಚೂರಾಗುವುದನ್ನು ಎಲ್ಲರೂ ನೋಡಿದ್ದೇವೆ. ನೈಲಾನ್ ಅದಕ್ಕಿಂತ ಮೇಲು. ಪಾಲಿಯೆಸ್ಟರ್ ನೈಲಾನಿಗಿಂತ ಮೇಲು. ಅಕ್ರಿಲಿಕ್ ಇನ್ನೂ ಮೇಲು. ಪಾಲಿಯೆಸ್ಟರ್ ದುರ್ಬಲ ಅಂತ ನಾನು ಹೇಳುತ್ತಿಲ್ಲ. ಗಟ್ಟಿ ಅಂತ ನಂಬಿ ಮರೆತುಬಿಡುತ್ತೇವೆ, ಅಪಾಯ ಬರುವುದು ಅಲ್ಲಿ.

## ತೋಟ, ಕಣ, ಮನೆ

"ಮರ ಹತ್ತಲು ಕಟ್ಟುವ ಹಗ್ಗವನ್ನು ಎಷ್ಟು ವರ್ಷ ನಂಬಬಹುದು?"

ವರ್ಷ ಎಣಿಸಬೇಡಿ, ಹಗ್ಗ ನೋಡಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ.

ಒಂದು ಸಲ ಮೆಣಸಿನ ಕುಯ್ಲು ಮುಗಿದ ಮೇಲೆ ನಮ್ಮ ತೋಟದ ಅಂಚಿನ ಸಿಲ್ವರ್ ಮರಕ್ಕೆ ಕಟ್ಟಿದ್ದ ನೀಲಿ ಪಾಲಿಯೆಸ್ಟರ್ ಹಗ್ಗ ಅಲ್ಲೇ ಉಳಿದುಬಿಟ್ಟಿತು. ಮುಂದಿನ ಕುಯ್ಲಿಗೆ ಹೋದಾಗ ನೆನಪಾಯಿತು. ದೂರದಿಂದ ಹಗ್ಗ ಚೆನ್ನಾಗೇ ಇತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಬೆರಳಿಗೆ ಹಿಟ್ಟಿನಂಥ ಬಿಳಿ ಪುಡಿ ಅಂಟಿತು. ಎಳೆಗಳು ನಯವಾಗಿರಲಿಲ್ಲ, ಹುಳು ತಿಂದ ಹಾಗೆ ಸಣ್ಣ ಸಣ್ಣ ತುದಿಗಳೆದ್ದು ಮೈಯೆಲ್ಲ ರೋಮ ಎದ್ದ ಹಾಗಿತ್ತು. ಮನೆಗೆ ತಂದು ಕತ್ತರಿಸಿ ಹುರಿ ಬಿಚ್ಚಿದೆ. ಒಳಗಿನ ಎಳೆ ಅಂಗಡಿಯಿಂದ ತಂದ ದಿನದ ಹಾಗೆ ಕಡು ನೀಲಿ, ಹೊಳಪು. ಗಂಟಿನ ಒಳಗೆ ಸಿಕ್ಕಿಕೊಂಡಿದ್ದ ಭಾಗವೂ ಹಾಗೇ. ಒಂದೇ ಹಗ್ಗ, ಒಂದೇ ಮಳೆ, ಒಂದೇ ಚಳಿ. ಬೆಳಕು ಮುಟ್ಟಿದ ಜಾಗ ಮಾತ್ರ ಸತ್ತಿತ್ತು.

ದಪ್ಪ ಹಗ್ಗದಲ್ಲಿ ಒಳಗಿನ ಎಳೆಗಳು ಉಳಿದಿರುವುದರಿಂದ ಸ್ವಲ್ಪ ಬಲ ಉಳಿದಿರುತ್ತದೆ. ತೆಳು ಹಗ್ಗಕ್ಕೆ ಆ ಆಸರೆ ಇಲ್ಲ, ಅದರಲ್ಲಿ ಹೆಚ್ಚಿನದೆಲ್ಲ ಹೊರಮೈಯೇ. ಎಷ್ಟು ಬಲ ಉಳಿದಿದೆ ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಮನುಷ್ಯರು ನೇತಾಡುವ ಹಗ್ಗ, ಬೆಲ್ಟಿಗೆ ನಮ್ಮ ಮನೆಯ ನಿಯಮ ಇಷ್ಟು: ಹೊರಗೆ ಬಿಟ್ಟದ್ದು ವಾಪಸ್ ಆ ಕೆಲಸಕ್ಕಿಲ್ಲ. ಪುಡಿ ಬಂದರೆ, ಎಳೆ ಪೆಡಸಾದರೆ ಕತ್ತರಿಸಿ ಬಿಸಾಡಿ, ಸುಮ್ನೆ ಇಟ್ಟರೆ ಯಾರೋ ತೆಗೆದುಕೊಂಡು ಹತ್ತುತ್ತಾರೆ. ಕೆಲಸ ಮುಗಿದ ಸಂಜೆಯೇ ಬಿಚ್ಚಿ ತಂದು ಕತ್ತಲ ಕೋಣೆಯಲ್ಲಿಡಿ. ಹತ್ತುವವರು ನಮ್ಮನ್ನು ನಂಬಿ ಹತ್ತುತ್ತಾರೆ.

"ಬಟ್ಟೆ ಗಟ್ಟಿ ಇದೆ, ಹೊಲಿಗೆ ಮಾತ್ರ ಬಿಟ್ಟುಹೋಯಿತು. ದಾರ ಕಳಪೆಯಾ?"

ಕಳಪೆ ಆಗಿರಲೇಬೇಕೆಂದಿಲ್ಲ. ಹೊಲಿಗೆಯ ದಾರ ತೆಳುವಾದದ್ದು, ಅದೂ ಬಟ್ಟೆಯ ಮೇಲೆ ಎದ್ದು ಕೂತಿರುತ್ತದೆ. ಬಟ್ಟೆಗೆ ಲೇಪ ಇರುತ್ತದೆ, ದಾರಕ್ಕೆ ಇಲ್ಲ. ಹಾಗಾಗಿ ಮೊದಲು ಹೋಗುವುದು ಅದೇ. ಹೊಸ ಹೊದಿಕೆ ಮಾಡಿಸುವಾಗ ಹೊಲಿಗೆಯ ಸಾಲು ಕೆಳಮುಖವಾಗಿ ಬರುವಂತೆ ಮಡಿಸಿ ಹೊಲಿಯಲು ಹೇಳಿ, ಅಥವಾ ಪಿವಿಸಿ ಬಟ್ಟೆಯಾದರೆ ಬಿಸಿಗಾಳಿಯಲ್ಲಿ ಬೆಸೆಯಿಸಿ.

"ಒಣಗಿಸುವ ಶೆಡ್ಡಿನ ಫೈಬರ್ ಶೀಟಿನಿಂದ ಸೂಜಿಯಂಥ ಎಳೆ ಉದುರುತ್ತಿದೆ. ಏನದು?"

ಗಾಜಿನ ಎಳೆ. ಆ ಶೀಟು ಎರಡು ವಸ್ತುಗಳ ಜೋಡಿ. ಗಾಜಿನ ನಾರು ಒಳಗೆ, ಅದನ್ನು ಹಿಡಿದಿಟ್ಟಿರುವುದು ಪಾಲಿಯೆಸ್ಟರ್ ರಾಳ. ಗಾಜಿಗೆ ಬಿಸಿಲು ಏನೂ ಮಾಡುವುದಿಲ್ಲ. ರಾಳ ಮಾತ್ರ ಮೊದಲು ಹಳದಿಯಾಗುತ್ತದೆ, ಆಮೇಲೆ ಸವೆದು ಮಳೆಗೆ ತೊಳೆದುಹೋಗುತ್ತದೆ. ಹಿಡಿದಿದ್ದ ಕೈ ಬಿಟ್ಟ ಮೇಲೆ ಗಾಜಿನ ಎಳೆ ತಲೆಯೆತ್ತುತ್ತದೆ. ಮುಟ್ಟಿದರೆ ತುರಿಕೆ.

ಶುರುವಿನ ಹಂತದಲ್ಲಿದ್ದರೆ ತೊಳೆದು, ಚೆನ್ನಾಗಿ ಒಣಗಿಸಿ, ಅತಿನೇರಳೆ ತಡೆಯುವ ಪಾರದರ್ಶಕ ರಾಳವನ್ನು ಮತ್ತೆ ಬಳಿಯಬಹುದು. ಎಳೆ ಉದುರಲು ಶುರುವಾದ ಮೇಲೆ ಬದಲಿಸುವುದೇ ಸರಿ. ಅಂಥ ಶೀಟಿನ ಕೆಳಗೆ ಕಾಫಿ, ಅಡಿಕೆ, ಮೆಣಸು ಯಾವುದನ್ನೂ ಹರವಬೇಡಿ. ಬದಲಿಸುವಾಗ ಕೈಗವಸು, ಮುಖಕ್ಕೆ ಬಟ್ಟೆ, ತುಂಬು ತೋಳಿನ ಅಂಗಿ ಬೇಕೇ ಬೇಕು.

"ಪಾಲಿಕಾರ್ಬೊನೇಟ್ ಶೀಟು ಎರಡೇ ವರ್ಷಕ್ಕೆ ಹಳದಿಯಾಯಿತು. ಮೋಸ ಹೋದೆವಾ?"

ಅದಕ್ಕೂ ಮುಂಚೆ ಇನ್ನೊಂದು ವಿಷಯ ನೋಡಿ. ಶೀಟನ್ನು ತಲೆಕೆಳಗಾಗಿ ಹಾಕಿಸಿದ್ದೀರಾ? ಈ ಶೀಟುಗಳಲ್ಲಿ ಬಹಳಷ್ಟಕ್ಕೆ ಅತಿನೇರಳೆ ತಡೆಯುವ ಪದರ ಒಂದೇ ಮಗ್ಗುಲಲ್ಲಿ ಇರುತ್ತದೆ. ಅದರ ದಪ್ಪ ಸುಮಾರು 50 ಮೈಕ್ರಾನ್, ಕಣ್ಣಿಗೆ ಗೊತ್ತಾಗುವುದಿಲ್ಲ. ಯಾವ ಮಗ್ಗುಲು ಮೇಲೆ ಬರಬೇಕು ಎಂದು ಅಂಟಿಸಿರುವ ತೆಳು ಪೇಪರಿನ ಮೇಲೆ ಬರೆದಿರುತ್ತದೆ.

ನಮ್ಮ ಕಣದ ಶೆಡ್ಡಿಗೆ ಹಾಕುವಾಗ ಕೆಲಸದವರು ಆ ಪೇಪರನ್ನೆಲ್ಲ ಕೆಳಗೇ ಕಿತ್ತು ಆಮೇಲೆ ಶೀಟು ಮೇಲಕ್ಕೆ ಕೊಟ್ಟರು. ನಾನು ಊರಲ್ಲಿರಲಿಲ್ಲ. ಆರು ಶೀಟು ತಿರುಗುಮುರುಗಾಗಿ ಕೂತವು. ಮೂರನೇ ಬೇಸಿಗೆಗೆ ಮಾಡು ಚದುರಂಗದ ಮಣೆಯ ಹಾಗೆ ಕಾಣತೊಡಗಿತು, ಒಂದು ಹಳದಿ, ಪಕ್ಕದ್ದು ಸ್ವಚ್ಛ. ಹಾಗಾಗಿ ಪೇಪರ್ ಕೀಳುವ ಮೊದಲೇ ಮಾರ್ಕರಿನಿಂದ ಪ್ರತಿ ಶೀಟಿನ ಮೂಲೆಯಲ್ಲೂ "ಮೇಲೆ" ಅಂತ ಬರೆಯಿರಿ.

"ಬಣ್ಣದ ತಗಡನ್ನು ಮುಟ್ಟಿದರೆ ಕೈಗೆ ಸುಣ್ಣ ಅಂಟುತ್ತೆ"

ಆ ತಗಡಿನ ಬಣ್ಣ ಸಾಮಾನ್ಯವಾಗಿ ಪಾಲಿಯೆಸ್ಟರ್ ಪೇಂಟು, ದಪ್ಪ ಸುಮಾರು 20 ಮೈಕ್ರಾನ್. ಮೇಲಿನ ರಾಳ ಸವೆದಾಗ ಅದರೊಳಗಿದ್ದ ಬಣ್ಣದ ಪುಡಿ ಸಡಿಲವಾಗಿ ಕೈಗೆ ಬರುತ್ತದೆ. ತುಕ್ಕು ತಡೆಯುವ ಕೆಲಸ ಕೆಳಗಿನ ಪ್ರೈಮರ್ ಮತ್ತು ಸತುವಿನದು, ಹಾಗಾಗಿ ಪುಡಿ ಕಂಡ ತಕ್ಷಣ ಹೆದರಬೇಕಿಲ್ಲ. ಹೊಸದಾಗಿ ಕೊಳ್ಳುವವರು ಸಿಲಿಕೋನ್ ಬೆರೆಸಿದ ಪಾಲಿಯೆಸ್ಟರ್ ಅಥವಾ ಪಿವಿಡಿಎಫ್ ಎಂಬ ಫ್ಲೋರಿನ್ ಇರುವ ಪ್ಲಾಸ್ಟಿಕ್ಕಿನ ಲೇಪ ಕೇಳಿ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ.

"ಕಿಟಕಿಯ ಪಾಲಿಯೆಸ್ಟರ್ ಪರದೆ ಹದಿನೈದು ವರ್ಷವಾದರೂ ಏನೂ ಆಗಿಲ್ಲವಲ್ಲ?"

ಕಿಟಕಿಗೆ ಗಾಜಿದೆ. ಸಾಮಾನ್ಯ ಗಾಜು ಸುಮಾರು 310-320 ನ್ಯಾನೋಮೀಟರಿಗಿಂತ ಚಿಕ್ಕ ಅಲೆಯನ್ನು ಒಳಗೆ ಬಿಡುವುದಿಲ್ಲ. ಪೆಟ್‌ಗೆ ಪೆಟ್ಟು ಕೊಡುವ ಪಟ್ಟಿ ಸರಿಯಾಗಿ ಅದೇ. ಗಾಜಿನ ಹಿಂದೆ ಪಾಲಿಯೆಸ್ಟರ್‌ನಷ್ಟು ಬಾಳುವ ಪರದೆ ಕಡಿಮೆ. ಬಣ್ಣ ಮಾತ್ರ ಮಾಸುತ್ತದೆ, ಬಣ್ಣಗಳನ್ನು ಉದ್ದ ಅಲೆಯೂ ಕೆಡಿಸಬಲ್ಲದು.

"ಕಾರಿನಲ್ಲಿ ಬಿಸಿಲಿಗೆ ಇಟ್ಟ ಬಾಟಲಿ ನೀರು ವಿಷವಂತೆ?"

ಒಂದು ಮಧ್ಯಾಹ್ನಕ್ಕೆ ವಿಷ ಆಗುವುದಿಲ್ಲ. ಪೆಟ್ ತಯಾರಿಸುವಾಗ ಆಂಟಿಮನಿ ಎಂಬ ಲೋಹದ ಸಂಯುಕ್ತ ಬಳಸುತ್ತಾರೆ, ಅದರ ಅಂಶ ಬಿಸಿಯಲ್ಲಿ ನೀರಿಗೆ ಇಳಿಯುತ್ತದೆ. 60 ಡಿಗ್ರಿ ದಾಟಿದರೆ ಇಳಿಯುವುದು ಜೋರಾಗುತ್ತದೆ. ಹಾಗಾಗಿ ಬೇಸಿಗೆಯಿಡೀ ಕಾರಿನಲ್ಲಿ ಬಿದ್ದಿದ್ದ ಬಾಟಲಿಯ ನೀರನ್ನು ಗಿಡಕ್ಕೆ ಹಾಕಿ, ಕುಡಿಯಬೇಡಿ. ಬಿಸ್ಫಿನಾಲ್ ಎಂಬ ರಾಸಾಯನಿಕದ ಬಗ್ಗೆ ಬರುವ ಸಂದೇಶಗಳು ಪೆಟ್ ಬಾಟಲಿಗೆ ಹೊಂದುವುದಿಲ್ಲ. ಪೆಟ್ ಮಾಡಲು ಅದನ್ನು ಬಳಸುವುದೇ ಇಲ್ಲ, ಬಳಸುವುದು ಪಾಲಿಕಾರ್ಬೊನೇಟಿಗೆ.

ಇದೇ ಪೆಟ್ ಬಾಟಲಿಯಲ್ಲಿ ತಿಳಿನೀರು ತುಂಬಿ ಚುರುಕು ಬಿಸಿಲಲ್ಲಿ 6 ಗಂಟೆ ಮಲಗಿಸಿ ರೋಗಾಣು ಕೊಲ್ಲುವ ವಿಧಾನವೊಂದಿದೆ, ಹೆಸರು ಸೋಡಿಸ್. ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ 2 ದಿನ ಇಡಬೇಕು. ಪೆಟ್ ಚಿಕ್ಕ ಅಲೆಯನ್ನು ತಾನೇ ಹೀರಿಕೊಂಡರೂ 320ರ ಮೇಲಿನದನ್ನು ಒಳಗೆ ಬಿಡುತ್ತದೆ, ರೋಗಾಣುಗಳಿಗೆ ಅದೇ ಸಾಕಾಗುತ್ತದೆ.

"ಹಳೇ ಫ್ಲೆಕ್ಸನ್ನು ಕೊಟ್ಟಿಗೆಗೆ ಹೊದಿಸಬಹುದಾ?"

ಒಂದು ಮಳೆಗಾಲಕ್ಕೆ ತೊಂದರೆ ಇಲ್ಲ. ಅಚ್ಚಾದ ಮಗ್ಗುಲು ಕೆಳಗೆ ಬರಲಿ. ಕೊಟ್ಟಿಗೆಯಲ್ಲಿ ಇನ್ನೊಂದು ಶತ್ರು ಇದೆ, ಗಂಜಲದಿಂದ ಏಳುವ ಅಮೋನಿಯಾ. ಅದು ಪಾಲಿಯೆಸ್ಟರ್ ಕೊಂಡಿಯನ್ನು ಬಿಡಿಸುವ ವಸ್ತು. ಲೇಪ ಒಡೆದು ಒಳಗಿನ ನೇಯ್ಗೆ ಕಾಣುತ್ತಿದ್ದರೆ ಹಾಕಬೇಡಿ. ಸುಣ್ಣವೂ ಇದೇ ಜಾತಿ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಮೆತ್ತಿದ ಹಗ್ಗವನ್ನು ಅಂದೇ ತೊಳೆದು ಒಣಹಾಕಿ, ಸುಣ್ಣದ ನೀರಲ್ಲಿ ದಿನಗಟ್ಟಲೆ ನೆನೆಯಲು ಬಿಡಬೇಡಿ.

"ಕಪ್ಪು ಬಣ್ಣ ಬಿಸಿ ಹೀರುತ್ತೆ. ಆದರೂ ಪೈಪೆಲ್ಲ ಕಪ್ಪಗೇ ಯಾಕೆ?"

ಆ ಕಪ್ಪು ಕಾರ್ಬನ್ ಬ್ಲ್ಯಾಕ್, ಒಂದು ಬಗೆಯ ಕಾಡಿಗೆ. ಅತಿನೇರಳೆಯನ್ನು ಮೊದಲು ತಾನೇ ಹೀರಿ ಕಾವಾಗಿ ಬಿಟ್ಟುಬಿಡುತ್ತದೆ. ಪಾಲಿಥೀನ್ ಪೈಪಿಗೆ ಶೇ 2ರಿಂದ 2.5ರಷ್ಟು ಸೇರಿಸಿದರೂ ಸಾಕು. ಪೈಪು ಬಿಸಿಯಾಗುವುದು ನಿಜ, ಆದರೆ ಮೊದಲೇ ಹೇಳಿದ ಹಾಗೆ ಕೊಲ್ಲುವುದು ಕಾವಲ್ಲ. ಪಾಲಿಯೆಸ್ಟರ್ ಹಗ್ಗದಲ್ಲೂ ಕಪ್ಪು ಸಿಕ್ಕರೆ ಬಿಳಿಗಿಂತ ಅದೇ ಒಳ್ಳೆಯದು.

## ಇನ್ನೂ ಆಳಕ್ಕೆ

"ಸರಪಳಿ ಮುರಿಯುತ್ತೆ ಅಂದ್ರಲ್ಲ, ನಿಖರವಾಗಿ ಎಲ್ಲಿ ಮುರಿಯುತ್ತೆ?"

ಎಸ್ಟರ್ ಕೊಂಡಿಯಲ್ಲಿ ಮತ್ತು ಅದರ ಅಕ್ಕಪಕ್ಕ. ಮುಖ್ಯವಾಗಿ ಎರಡು ದಾರಿಗಳಿವೆ, ಎರಡಕ್ಕೂ ನಾರಿಶ್ ಎಂಬ ವಿಜ್ಞಾನಿಯ ಹೆಸರು. ಮೊದಲ ಬಗೆಯಲ್ಲಿ ಕಾರ್ಬೊನಿಲ್ (ಕಾರ್ಬನ್ನಿಗೆ ಆಕ್ಸಿಜನ್ ಜೋಡಿ ಬಂಧದಲ್ಲಿ ಸೇರಿದ ಜಾಗ) ಪಕ್ಕದ ಬಂಧ ನೇರವಾಗಿ ಸೀಳಿ ಎರಡು ಬಿಡಿ ತುದಿಗಳಾಗುತ್ತವೆ, ಅವನ್ನು ರ‍್ಯಾಡಿಕಲ್ ಎನ್ನುತ್ತೇವೆ. ಅಲ್ಲಿಂದ ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಹೊರಬರುತ್ತವೆ. ಎರಡನೇ ಬಗೆಯಲ್ಲಿ ಸರಪಳಿ ತನ್ನೊಳಗೇ ಬಾಗಿ ಒಂದು ಹೈಡ್ರೋಜನ್ನನ್ನು ಕೈಬದಲಿಸುತ್ತದೆ. ಕೊನೆಗೆ ಒಂದು ತುದಿ ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದು ವೈನಿಲ್.

ಗಾಳಿಯ ಆಕ್ಸಿಜನ್ ಬಿಡಿ ತುದಿಗಳನ್ನು ಸುಮ್ಮನೆ ಬಿಡುವುದಿಲ್ಲ. ಗ್ಲೈಕಾಲ್ ಭಾಗದ ಕಾರ್ಬನ್ನಿಗೆ ಸೇರಿ ಹೈಡ್ರೊಪೆರಾಕ್ಸೈಡ್ ಆಗುತ್ತದೆ, ಅದು ಒಡೆದು ಇನ್ನಷ್ಟು ರ‍್ಯಾಡಿಕಲ್ ಹುಟ್ಟಿಸುತ್ತದೆ. ಉದ್ದ ಸರಪಳಿ ತುಂಡು ತುಂಡಾದ ಮೇಲೆ ಒಂದಕ್ಕೊಂದು ಹೆಣೆದುಕೊಂಡು ಭಾರ ಹೊರುವ ಶಕ್ತಿ ಹೋಗುತ್ತದೆ. ಉದ್ದ ಹುಲ್ಲಿನಿಂದ ಹಗ್ಗ ಹೊಸೆಯಬಹುದು, ಕತ್ತರಿಸಿದ ಮೇವಿನಿಂದ ಹೊಸೆಯಲಾಗುವುದಿಲ್ಲ, ಹಾಗೆ.

"ಮೇಲ್ಮೈ ಮಾತ್ರ ಹಾಳಾದರೆ ಇಡೀ ಹಾಳೆ ಯಾಕೆ ಲಟಕ್ಕನೆ ಮುರಿಯುತ್ತೆ?"

ಈ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಾನು ಉತ್ತರ ಹೇಳಲಿಲ್ಲ, ತೋರಿಸಿದೆ. ಶಾಲೆಯ ಪ್ರಾಜೆಕ್ಟಿಗೆ ಬಳಸುವ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಪಟ್ಟಿಯೊಂದನ್ನು ಹಲಗೆಗೆ ಪಿನ್ ಹೊಡೆದು ತಾರಸಿಯಲ್ಲಿ ಬಿಟ್ಟಿದ್ದೆ, ಒಂದೇ ಮಗ್ಗುಲಿಗೆ ಬಿಸಿಲು. ಆ ಮಗ್ಗುಲು ಒಳಗೆ ಬರುವಂತೆ ಬಾಗಿಸಿದರೆ ಪಟ್ಟಿ ಬಾಗುತ್ತದೆ, ಏನೂ ಆಗುವುದಿಲ್ಲ. ಹೊರಗೆ ಬರುವಂತೆ ಬಾಗಿಸಿದರೆ, ಟಕ್, ಎರಡು ತುಂಡು.

ಉಂಗುರಗಳು ಚಿಕ್ಕ ಅಲೆಯನ್ನು ಎಷ್ಟು ಜೋರಾಗಿ ಹೀರುತ್ತವೆಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ ಆಳದಲ್ಲೇ ಬೆಳಕು ಮುಗಿದುಹೋಗುತ್ತದೆ. ಅಷ್ಟು ಪದರ ಪೆಡಸಾಗುತ್ತದೆ. ಹೊರಗೆ ಬಾಗಿಸಿದಾಗ ಆ ಪದರ ಹಿಗ್ಗಲಾರದೆ ಬಿರಿಯುತ್ತದೆ. ಬಿರುಕಿನ ತುದಿಯಲ್ಲಿ ಎಳೆತವೆಲ್ಲ ಕೂಡಿ, ಕೆಳಗಿನ ಒಳ್ಳೆಯ ವಸ್ತುವನ್ನೂ ಅದು ಸೀಳಿಕೊಂಡು ಹೋಗುತ್ತದೆ. ಗಾಜು ಕೊಯ್ಯುವವರು ಮೊದಲು ಸಣ್ಣ ಗೀರು ಹಾಕಿ ಆಮೇಲೆ ಮುರಿಯುತ್ತಾರಲ್ಲ, ಅದೇ ವಿದ್ಯೆ.

"ಹಳದಿಯಾದಷ್ಟೂ ದುರ್ಬಲ ಅಂತ ತಿಳಿಯಬಹುದಾ?"

ಬೇಡ. ಬಣ್ಣ ಬದಲಾಗುವ ಕ್ರಿಯೆ ಬೇರೆ, ಸರಪಳಿ ಮುರಿಯುವ ಕ್ರಿಯೆ ಬೇರೆ. ಉಂಗುರಕ್ಕೆ ಹೈಡ್ರಾಕ್ಸಿಲ್ ಗುಂಪುಗಳು ಸೇರಿದಾಗ ಹಳದಿ ಬರುತ್ತದೆ. ಬಿಳಿಯಾಗೇ ಇದ್ದು ಪುಡಿಯಾಗುವ ಹಗ್ಗವೂ ಇದೆ, ಹಳದಿಯಾಗಿಯೂ ಭಾರ ಹೊರುವ ಶೀಟೂ ಇದೆ.

ಒಂದೇ ಹೈಡ್ರಾಕ್ಸಿಲ್ ಸೇರಿದ ಉಂಗುರ ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಅದಕ್ಕೇ ಕೆಲವರು ನೋಟು ನೋಡುವ ಟಾರ್ಚು ಹಿಡಿದು ಹಗ್ಗ ಪರೀಕ್ಷೆ ಮಾಡುತ್ತಾರೆ. ಅದು ದಾರಿ ತಪ್ಪಿಸುತ್ತದೆ. ಬಿಳಿ ನೂಲಿಗೆ ಕಾರ್ಖಾನೆಯಲ್ಲೇ ಹಾಕುವ ಹೊಳಪಿನ ಪುಡಿಯೂ, ಬಟ್ಟೆ ಸೋಪಿನದೂ ಹಾಗೇ ನೀಲಿ ಹೊಳೆಯುತ್ತವೆ.

"ಯುವಿ ಟ್ರೀಟೆಡ್ ಅಂತ ಬರೆದಿರುತ್ತಲ್ಲ, ಒಳಗೆ ಏನು ಹಾಕಿರ್ತಾರೆ?"

ಯುವಿ ಅಂದರೆ ಅತಿನೇರಳೆ. ಅದನ್ನು ತಡೆಯಲು ಹಾಕುವುದರಲ್ಲಿ ಎರಡು ಬಗೆ. ಮೊದಲನೆಯದು ಕೊಡೆ ಹಿಡಿಯುವ ಬಗೆ. ಬೆಂಜೋಟ್ರಯಜೋಲ್, ಟ್ರಯಜೀನ್‌ನಂಥವು ಬೆಳಕನ್ನು ಸರಪಳಿಗಿಂತ ಮೊದಲೇ ಹೀರಿ ಕಾವಾಗಿ ಬಿಡುತ್ತವೆ. ಎರಡನೆಯದು ಹುಟ್ಟಿದ ರ‍್ಯಾಡಿಕಲ್ಲನ್ನು ಹಿಡಿದು ಸುಮ್ಮನಾಗಿಸುವ ಬಗೆ, ಹಿಂಡರ್ಡ್ ಅಮೀನ್ ಎನ್ನುತ್ತಾರೆ, ಚಿಕ್ಕದಾಗಿ ಹಾಲ್ಸ್. ಪಾಲಿಥೀನ್, ಪಾಲಿಪ್ರೊಪಿಲೀನಿಗೆ ಹಾಲ್ಸ್ ದೊಡ್ಡ ವರ. ಪಾಲಿಯೆಸ್ಟರಿಗೆ ಅಷ್ಟು ಒಗ್ಗುವುದಿಲ್ಲ, ಅಮೀನ್ ಕ್ಷಾರ ಗುಣದ್ದು, ಎಸ್ಟರ್ ಕೊಂಡಿಗೇ ಕೈ ಹಾಕಬಹುದು. ಅದಕ್ಕೇ ಪೆಟ್‌ನಲ್ಲಿ ಕೊಡೆಯ ಬಗೆಯೇ ಹೆಚ್ಚು.

ಕೊಡೆಗೂ ಒಂದು ಮಿತಿಯಿದೆ. ಅದು ಬೆಳಕನ್ನು ತಡೆಯಲು ಸ್ವಲ್ಪ ದಪ್ಪ ಬೇಕು. ತೀರಾ ಮೇಲಿನ ಕೆಲವು ಮೈಕ್ರಾನಿಗೆ ಯಾವ ಆಸರೆಯೂ ಸಿಗುವುದಿಲ್ಲ. ತೆಳು ನೂಲಿಗೆ ಈ ಮದ್ದು ಅಷ್ಟು ಹತ್ತದಿರುವುದು ಅದಕ್ಕೇ. ಅಲ್ಲದೆ ಮದ್ದೂ ವರ್ಷಗಳಲ್ಲಿ ಖರ್ಚಾಗುತ್ತದೆ. ಕೊಳ್ಳುವಾಗ "ಯುವಿ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಎಷ್ಟು ವರ್ಷದ ಗ್ಯಾರಂಟಿ, ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ ಅಂತ ಕೇಳಿ.

"ಟೈಟಾನಿಯಂ ಡೈಆಕ್ಸೈಡ್ ಸನ್‌ಸ್ಕ್ರೀನಿನಲ್ಲೂ ಇದೆ. ನೂಲಿಗೆ ಹಾಕಿದರೆ ಕಾಯಬೇಕಲ್ವಾ?"

ಯಾವ ರೂಪದ್ದು ಎನ್ನುವುದರ ಮೇಲಿದೆ. ರೂಟೈಲ್ ಎಂಬ ರೂಪಕ್ಕೆ ಮೇಲೆ ಲೇಪ ಕೊಟ್ಟು ಹಾಕಿದರೆ ಕಾಯುತ್ತದೆ. ಅನಟೇಸ್ ಎಂಬ ರೂಪ ಬೆಳಕು ಹೀರಿ ತಾನೇ ಸುತ್ತಲಿನ ಸರಪಳಿಯನ್ನು ಆಕ್ಸಿಡೀಕರಿಸಲು ನೆರವಾಗುತ್ತದೆ. ಬಟ್ಟೆಯ ನೂಲಿನ ಹೊಳಪು ಕಡಿಮೆ ಮಾಡಲು ಹಾಕುವುದು ಅನಟೇಸ್. ಹಾಗಾಗಿ ಮಂಕು ಬಿಳಿ ಪಾಲಿಯೆಸ್ಟರ್ ನೂಲು ಹೊರಗಿನ ಬಿಸಿಲಿಗೆ ಹೊಳಪಿನ ನೂಲಿಗಿಂತ ಬೇಗ ಸೋಲುತ್ತದೆ. ಮದುವೆ ಶಾಮಿಯಾನದ ಬಟ್ಟೆಯನ್ನು ಕಾಯಂ ಚಪ್ಪರಕ್ಕೆ ಕಟ್ಟಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

"ಮಣ್ಣಲ್ಲಿ ಕರಗುವ ಮಲ್ಚ್ ಹಾಳೆಗೂ ಬಿಸಿಲಿಗೂ ಏನು ಸಂಬಂಧ?"

ಗಿಡದ ಬುಡದ ಮಣ್ಣಿಗೆ ಹೊದಿಸುವ ಅಂಥ ಹಾಳೆಗಳಲ್ಲಿ ಹಲವು ಪಿಬಿಎಟಿ ಎಂಬ ಪಾಲಿಯೆಸ್ಟರಿನವು. ಅದರಲ್ಲೂ ಪೆಟ್‌ನದೇ ಉಂಗುರ ಇದೆ. ಬಿಸಿಲು ಬಿದ್ದಾಗ ಸರಪಳಿ ಮುರಿಯುವುದರ ಜೊತೆಗೆ ಅಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಹೊಲಿದುಕೊಳ್ಳುತ್ತವೆ. ಹೀಗೆ ಹೊಲಿದುಕೊಂಡ ಭಾಗವನ್ನು ಮಣ್ಣಿನ ಜೀವಾಣು ಸುಲಭವಾಗಿ ತಿನ್ನಲಾರದು. ಅಂದರೆ ಹೆಚ್ಚು ಬಿಸಿಲು ಕಂಡ ಹಾಳೆ ಬೇಗ ಹರಿಯುತ್ತದೆ, ಆದರೆ ನಿಧಾನವಾಗಿ ಕರಗುತ್ತದೆ. ಶುಂಠಿ, ತರಕಾರಿಗೆ ಹಾಕುವವರು ಹರಿದ ಚೂರು ಕಂಡು ಕರಗಿತು ಅಂದುಕೊಳ್ಳಬೇಡಿ. ಗುದ್ದಲಿಯಲ್ಲಿ ಮಣ್ಣು ಎಬ್ಬಿಸಿ ನೋಡಿ.

"ಉದುರಿದ ಪುಡಿ ಕೊನೆಗೆ ಎಲ್ಲಿಗೆ ಹೋಗುತ್ತೆ?"

ಮಾಯವಾಗುವುದಿಲ್ಲ. ಸ್ವಲ್ಪ ಅನಿಲವಾಗುತ್ತದೆ, ಉಳಿದದ್ದು ಸಣ್ಣ ಪ್ಲಾಸ್ಟಿಕ್ಕೇ. ಮಳೆಗೆ ತೊಳೆದು ಹೇಮಾವತಿಗೋ ಭದ್ರೆಗೋ ಸೇರುತ್ತದೆ. ಪೆಟ್ ನೀರಿಗಿಂತ ಭಾರ, ಹರಿವು ನಿಂತಲ್ಲಿ ತಳದ ಕೆಸರಿಗೆ ಇಳಿಯುತ್ತದೆ. ಅಲ್ಲಿ ಬಿಸಿಲಿಲ್ಲ, ಆದ್ದರಿಂದ ಮುಂದೆ ಮುರಿಯುವುದು ಬಹಳ ನಿಧಾನ. ಇಡಿಯಾಗಿರುವಾಗಲೇ ಹೆಕ್ಕಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಚೂರಾದ ಮೇಲೆ ಯಾರ ಕೈಗೂ ಸಿಗದು.

"ಹತ್ತು ವರ್ಷದ ಬಾಳಿಕೆಯನ್ನು ಕಂಪನಿಯವರು ಕೆಲವು ತಿಂಗಳಲ್ಲಿ ಹೇಗೆ ಹೇಳ್ತಾರೆ?"

ಕ್ಸೆನಾನ್ ದೀಪ ಅಥವಾ 340 ನ್ಯಾನೋಮೀಟರ್ ಸುತ್ತ ಬೆಳಗುವ ಅತಿನೇರಳೆ ಟ್ಯೂಬಿನಡಿ ಮಾದರಿ ಇಟ್ಟು, ನಡುನಡುವೆ ನೀರು ಚಿಮುಕಿಸಿ, ರಾತ್ರಿಯ ಇಬ್ಬನಿಯ ಹಾಗೆ ತೇವ ಕೂರಿಸಿ ನೋಡುತ್ತಾರೆ. ಆಮೇಲೆ ಎಳೆದು ಬಲ ಅಳೆಯುತ್ತಾರೆ. 295ಕ್ಕಿಂತ ಚಿಕ್ಕ ಅಲೆ ಬಿಡುವ ದೀಪ ಬಳಸಿದರೆ ಫಲಿತಾಂಶ ಬೇಗ ಬರುತ್ತದೆ, ಆದರೆ ನೆಲದ ಬಿಸಿಲಲ್ಲಿ ಆಗದ ಕ್ರಿಯೆಗಳೂ ಅದರಲ್ಲಿ ನಡೆದುಬಿಡುತ್ತವೆ. ಹಾಗಾಗಿ ಗಂಟೆಯ ಲೆಕ್ಕಕ್ಕಿಂತ ಯಾವ ದೀಪ ಎನ್ನುವುದು ಮುಖ್ಯ.

"ಹಾಸನದಿಂದ ಉಪಗ್ರಹ ನೋಡಿಕೊಳ್ತಾರಲ್ಲ, ಅಲ್ಲಿ ಮೇಲೆ ಪಾಲಿಯೆಸ್ಟರ್ ಉಳಿಯುತ್ತಾ?"

ಮಕ್ಕಳು ಕೇಳುವ ಈ ಪ್ರಶ್ನೆ ನನಗೆ ಬಹಳ ಇಷ್ಟ. ಹಾಸನದ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ಎತ್ತರದಲ್ಲಿ ಓಜೋನ್ ಕೊಡೆ ಇಲ್ಲ. ನೆಲಕ್ಕೆ ಬಾರದ 280ಕ್ಕಿಂತ ಚಿಕ್ಕ ಅಲೆಯೂ ನೇರವಾಗಿ ಬೀಳುತ್ತದೆ.

ಆದರೂ ಉಪಗ್ರಹಗಳಲ್ಲಿ ಪಾಲಿಯೆಸ್ಟರ್ ಇರುತ್ತದೆ. ಚಳಿ-ಕಾವು ತಡೆಯಲು ಉಪಗ್ರಹಗಳಿಗೆ ಹೊದಿಸುವ ಕಂಬಳಿಯಲ್ಲಿ ಒಂದರ ಮೇಲೊಂದು ಹಲವು ಪದರಗಳಿರುತ್ತವೆ. ಒಳಗಿನ ಪದರಗಳಿಗೆ ಅಲ್ಯೂಮಿನಿಯಂ ಲೇಪಿಸಿದ ತೆಳು ಪಾಲಿಯೆಸ್ಟರ್ ಫಿಲ್ಮ್ ಬಳಸುತ್ತಾರೆ, ಮೈಲಾರ್ ಎಂಬ ಹೆಸರಿನದು. ಹಗುರ, ಗಟ್ಟಿ, ಬೆಲೆಯೂ ಕಡಿಮೆ. ಬಿಸಿಲು ನೇರ ಬಡಿಯುವ ಹೊರಪದರಕ್ಕೆ ಮಾತ್ರ ಅದನ್ನು ಹಾಕುವುದಿಲ್ಲ. ಅಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ಟಾನ್ (Kapton) ಎಂಬ ಹೆಸರಿನ ಪಾಲಿಇಮೈಡ್, ಅದು ಬೇರೆ ಜಾತಿಯ ಪ್ಲಾಸ್ಟಿಕ್. ಆ ಫಿಲ್ಮಿನ ಬಣ್ಣವೇ ಜೇನಿನ ಹಾಗೆ, ಹಿಂದೆ ಅಲ್ಯೂಮಿನಿಯಂ ಇರುತ್ತದೆ. ಫೋಟೋಗಳಲ್ಲಿ ಉಪಗ್ರಹದ ಮೈ ಚಿನ್ನದ ತಗಡು ಹೊದ್ದ ಹಾಗೆ ಕಾಣುವುದು ಅದರಿಂದ.